ಕರುಳು, ಬೀಡಿ ಮತ್ತು ನಮ್ಮ ವೆಂಕಟೇಶಪ್ಪ ಡಾಕ್ಟರು

ಬಂಗಾರಪೇಟೆ ಸೀಮೆಯಲ್ಲಿ ಕರುಳಿನ ಕಾಯಿಲೆಗೆ ಡಾಕ್ಟರ್ ವೆಂಕಟೇಶಪ್ಪನವರೇ ದಿಕ್ಕು. ಅವರ ಹೆಸರು ಹೇಳಿದರೆ ಹೊಟ್ಟೆನೋವು ಗಡಿ ದಾಟಿ ಆಂಧ್ರಕ್ಕೆ ಓಡುತ್ತದೆ. 1972ರಿಂದ ಇಲ್ಲಿನ ಆಸ್ಪತ್ರೆಯಲ್ಲಿ ದುಡಿದು ಈಗ, 1994ರಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಮುನಿಸ್ವಾಮಪ್ಪನಿಗೂ ಈ ಬೀಳ್ಕೊಡುಗೆ ಸಂಚಿಕೆಯಲ್ಲಿ ಜಾಗ ಸಿಕ್ಕಿರುವುದು, ಅವರನ್ನು ಹೆಚ್ಚು ಗೋಳಾಡಿಸಿದ ರೋಗಿ ನಾನೇ ಎಂಬ ಕಾರಣಕ್ಕೆ.

1986ರಲ್ಲಿ ನಾನು ಕೋಲಾರದ ನಂದಿದುರ್ಗ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದೆ. ಸಣ್ಣ ಕರುಳು ಊದಿಕೊಳ್ಳುವ ಕ್ರೋನ್ಸ್ ಕಾಯಿಲೆ ಬಂದು, ಬೆಂಗಳೂರಿನಲ್ಲಿ ಒಂದು ಗೇಣು ಕರುಳು ಕತ್ತರಿಸಿದರು; ಊರಲ್ಲಿ ನಾನು ಎರಡು ಮಾರು ಎಂದೆ. ಬೀಡಿ ಬಿಡದಿದ್ದರೆ ಕಾಯಿಲೆ ಮರಳುತ್ತದೆಂದು ನಮ್ಮ ಡಾಕ್ಟರು ಎಚ್ಚರಿಸಿದರು. ಬಿಟ್ಟೆನೆಂದು ಸುಳ್ಳು ಹೇಳಿದೆ. ನಮ್ಮ ಗಣಿ ಲೈನಿನ ಮನೆಗಳಲ್ಲಿದ್ದ ಸೊಣ್ಣಪ್ಪನಿಗೆ ದೊಡ್ಡ ಕರುಳಿನಲ್ಲಿ ಹುಣ್ಣು. ಬೀಡಿ ಬಿಟ್ಟ ತಿಂಗಳಲ್ಲೇ ಅವನ ರಕ್ತಭೇದಿ ಹೆಚ್ಚಾಗಿತ್ತು. ಹಾಗಾದರೆ ಬೀಡಿಯೇ ಔಷಧವೆಂದು ತೀರ್ಮಾನಿಸಿ, ಬೆಳಿಗ್ಗೆ ಚೊಂಬು ಹಿಡಿದು ಹೋಗುವಾಗ ಒಂದರ ಬದಲು ಎರಡು ಸೇದಿದೆ. ಡಾಕ್ಟರು ಪಾಪ, ಮಾತ್ರೆ ಸಾಲದೆಂದುಕೊಂಡು ಸ್ಟೀರಾಯ್ಡ್ ಏರಿಸಿದರು. ಮುಖ ಕುಂಬಳಕಾಯಿಯಾಯಿತು, ನೋವು ಇಳಿಯಲಿಲ್ಲ. 1988ರಲ್ಲಿ ಬೆಂಗಳೂರಿನಲ್ಲಿ ಎರಡನೆಯ ಆಪರೇಷನ್ ನಿಗದಿಯಾಯಿತು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ನನ್ನನ್ನು ರೈಲು ಹತ್ತಿಸಲು ಅವರೇ ಬಂದರು. ನನ್ನ ಬಾಯಲ್ಲಿ ಬೀಡಿ.

"ಏನಪ್ಪಾ ಇದು?"

"ಔಸ್ದಿ ಸಾರ್. ಬಿಟ್ಬುಟ್ಟು ಸೊಣ್ಣಪ್ಪ ಒದ್ದಾಡ್ತಾವ್ನೆ, ನಾನ್ಯಾಕ್ ಸಾಯ್ಲಿ?"

ನನ್ನ ಹೆಂಡತಿ ಅಕ್ಕಯ್ಯಮ್ಮ ಗಂಟು ಕೆಳಗಿಟ್ಟಳು. "ನಿನ್ ಬಾಯ್ಗ್ ಮಣ್ಣಾಕ! ನನ್ ತಲೆ ಮುಟ್ಟಿ ಆಣೆ ಮಾಡಿದ್ಯಲ್ಲಾ!"

ಡಾಕ್ಟರು ಬೆಂಚಿನ ಮೇಲೆ ಕೂತರು. "ಎರಡು ಕಾಯಿಲೇನೂ ಅಣ್ಣತಮ್ಮ ಇದ್ದಂಗಪ್ಪ, ಗುಣ ಬೇರೆ. ಬೀಡಿ ಬಿಟ್ರೆ ಅವನ ಹುಣ್ಣು ಒಮ್ಮೊಮ್ಮೆ ಕೆರಳ್ತದೆ, ನಿಜ. ಆದ್ರೂ ಅವನಿಗೂ ಬೀಡಿ ಔಷಧಿಯಲ್ಲ, ಎದೆ ಸುಡ್ತದೆ. ಬೇರೆ ಮಾತ್ರೆ ಕೊಟ್ಟಿದೀನಿ. ನಿನ್ನ ಸಣ್ಣ ಕರುಳಿಗಂತೂ ಹೊಗೇನೇ ವೈರಿ. ನೀನು ಸುಳ್ಳು ಹೇಳ್ದೆ, ನಾನು ಡೋಸ್ ಏರಿಸ್ದೆ. ಇನ್ನೊಂದ್ಸಲ ಕೇಳ್ಬೇಕಿತ್ತು. ತಪ್ಪು ನಂದೂ ಇದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಬೀಡಿ ತಾನಾಗಿಯೇ ಕೆಳಗೆ ಬಿತ್ತು.

ಕರುಳು ಇನ್ನೂ ಕಟ್ಟಿಕೊಂಡಿಲ್ಲ, ಕಾಯಬಹುದೆಂದು ಅವರು ಸ್ಟೇಷನ್ ಮಾಸ್ತರರ ಕೋಣೆಯಿಂದ ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿ ಮೂರು ತಿಂಗಳ ಗಡುವು ಪಡೆದರು. ಅಂದಿನಿಂದ ನಿತ್ಯ ನನ್ನಿಂದ ಉಸಿರು ಊದಿಸಿ, ಮೂಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬೀಡಿ ಬಿಟ್ಟ ದಿನಗಳ ಅಂಕಿ ಹಾಕುತ್ತಿದ್ದರು. ಎರಡು ಸಲ ಸಿಕ್ಕಿಬಿದ್ದೆ. "ಇವತ್ತಿಗೆ ಒಂದು" ಎಂದು ಮೊದಲಿನಿಂದ ಎಣಿಸಿದರು, ಅಷ್ಟೇ. ಅದೇ ಮಾತ್ರೆಗಳು ಕ್ರಮೇಣ ಹಿಡಿದವು. ಆಪರೇಷನ್ ರದ್ದಾಯಿತು.

ಇಂದಿಗೆ ಆರು ವರ್ಷ. ಉಳಿದ ಕರುಳು ನನ್ನ ಹೊಟ್ಟೆಯಲ್ಲೇ ಇದೆ. ಬೂದಿಕೋಟೆಯಲ್ಲಿ ಕ್ಲಿನಿಕ್ ತೆರೆಯಲಿರುವ ಡಾಕ್ಟರಿಗೆ ನೂರು ತುಂಬಲಿ, ಕೈಗುಣ ಹೆಚ್ಚಲಿ. ಅಲ್ಲಾದರೂ ಅವರಿಗೆ ನಿಜ ಹೇಳುವ ರೋಗಿಗಳು ಸಿಗಲಿ.