ನಾಲ್ಕು ಬೆರಳು ಕಡಿಮೆಯ ಕೇಬಲ್

ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಮೊಪೆಡ್ಡು ತಾನಾಗಿಯೇ ರೊಯ್ಯೆಂದು ಏರುತ್ತಿತ್ತು. ನೇರ ಮಾಡಿದರೆ ತಣ್ಣಗಾಗುತ್ತಿತ್ತು. ಮೆಕ್ಯಾನಿಕ್ ಅಂಜನಮೂರ್ತಿ ಎರಡು ಸಲ ತಿರುಗಿಸಿ ನೋಡಿ ಎಂಜಿನ್ ಆರಿಸಿದ.

"ತಿರುವಲ್ಲಿ ನಿಧಾನ ಆಗೋ ಬದ್ಲು ನುಗ್ತದೆ ಕಣಣ್ಣ," ಎಂದ ಹಾಲಿನ ಕರಿಸಿದ್ದಪ್ಪ. "ನೆನ್ನೆ ಗುಬ್ಬಿ ಗೇಟ್ ತಾವ ಹಾಲೆಲ್ಲ ಚರಂಡಿ ಪಾಲಾಯ್ತು."

"ಆಕ್ಸಿಲೇಟರ್ ಕೇಬಲ್ ಯಾರು ಹಾಕಿದ್ದು?"

"ನಮ್ ಬಾಮೈದ."

"ನಾಲ್ಕು ಬೆರಳು ಕಮ್ಮಿ ಹಾಕವ್ನೆ. ಹ್ಯಾಂಡಲ್ ತಿರುಗಿದ್ರೆ ಕೇಬಲ್ ಎಳ್ಕೊಂಡು ತಾನೇ ರೇಸ್ ಆಯ್ತದೆ. ಬಾಮೈದಂಗೆ ಹಾಲು ಕರೆಯೋಕೆ ಹೇಳು, ಸಾಕು."

ಮಾತು ಎಂದಿನಂತೆ ಇತ್ತು. ಕೈ ಎಂದಿನಂತೆ ಇರಲಿಲ್ಲ. ಹೊಸ ಕೇಬಲ್ಲಿನ ತುದಿ ತೂತಿಗೆ ಸೇರಲು ಮೂರು ಸಲ ಬೇಕಾಯಿತು. 1984ರ ನವೆಂಬರಿನ ಆ ಭಾನುವಾರ ಅವನು ಕೆರೆಯ ಮೇಲೆ ಗಾಡಿ ಓಡಿಸಬೇಕಿತ್ತು, ಅವನಿಗೆ ಈಜು ಬರುತ್ತಿರಲಿಲ್ಲ. ಹತ್ತು ವರ್ಷದವನಿದ್ದಾಗ ಊರ್ಡಿಗೆರೆಯ ಬಾವಿಗೆ ಜಾರಿ, ಹಗ್ಗ ಹಿಡಿದು ಮೇಲೆ ಬಂದವನು. ಈಗಲೂ ಸ್ನಾನಕ್ಕೆ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಕಣ್ಣು ಮುಚ್ಚುತ್ತಿರಲಿಲ್ಲ.

ಗಾಡಿ ಪಟ್ಟಾಭಿರಾಮ ಮೇಷ್ಟ್ರದು. ತುಮಕೂರಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುವ ಅವರು ವಿದೇಶಿ ಪತ್ರಿಕೆಯೊಂದರಲ್ಲಿ ನೀರಿನ ಸ್ಕೂಟರಿನ ಚಿತ್ರ ನೋಡಿ, ಎರಡು ವರ್ಷದಿಂದ ಅಂಥದ್ದೊಂದನ್ನು ಕಟ್ಟುತ್ತಿದ್ದರು. ಮೊದಲು ನೀರಡಿ ತಿರುಗಲು ಹಾಕಿದ ಫ್ಯಾನು ಕೆರೆಯ ಜೊಂಡಿಗೆ ಸಿಕ್ಕಿ ನಿಂತಿತು. ಆಮೇಲೆ ಪಂಪು ಕೂರಿಸಿದರು: ಹೊಟ್ಟೆಯಡಿಯಿಂದ ನೀರು ಹೀರಿ, ಹಿಂದಿನ ನಳಿಕೆಯಿಂದ ರಭಸವಾಗಿ ಚಿಮ್ಮಿಸುವುದು. ಎಂಜಿನ್ನು ಗುಜರಿಗೆ ಬಿದ್ದಿದ್ದ ಮೋಟಾರ್ ಸೈಕಲ್ಲಿನದು. ಸಿಲಿಂಡರಿಗೆ ತಗಡಿನ ಕವಚ ಬೆಸೆದು, ತಣಿಸಲು ಕೆರೆಯ ನೀರನ್ನೇ ಹರಿಸಿದವನು ಅಂಜನಮೂರ್ತಿ.

ಆದರೂ ಆರು ನಿಮಿಷ ಓಡಿದ ಮೇಲೆ ಪಿಸ್ಟನ್ನು ಬಿಸಿಯೇರಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತಿತ್ತು. ರಸ್ತೆಯಲ್ಲಾದರೆ ಇಳಿಜಾರು ಸಿಕ್ಕಾಗ ಎಂಜಿನ್ನಿಗೆ ಉಸಿರಾಡಲು ಬಿಡುವು. ನೀರಿನ ಮೇಲೆ ಉದ್ದಕ್ಕೂ ಏರುದಾರಿಯೇ. ಪೆಟ್ರೋಲಿಗೆ ಎಣ್ಣೆ ಹೆಚ್ಚಿಸಿದ್ದಾಯಿತು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಬರುವ ಜೆಟ್ಟು ದೊಡ್ಡದು ಮಾಡಿದ್ದಾಯಿತು. ಎಲ್ಲಿ ಬಿಗಿಯುತ್ತದೆ ಎಂಬುದು ಮೇಲೆ ಕೂತು ಓಡಿಸುತ್ತಿದ್ದ ಮೇಷ್ಟ್ರ ಕಿವಿಗೆ ತಿಳಿಯುತ್ತಿರಲಿಲ್ಲ.

"ನಿಮ್ಮ ಕಿವಿ ಅದರ ಮೇಲೆ ಕೂರಬೇಕು ಮೂರ್ತಿ," ಎಂದಿದ್ದರು ಅವರು. "ದಡದಿಂದ ಕೇಳಿದರೆ ಆಗೋಲ್ಲ."

ಕುಣಿಗಲ್ ದಾಟಿ ಹುತ್ರಿದುರ್ಗದ ಕಡೆ ಹೋಗುವ ದಾರಿಯ ಒಂದು ಕೆರೆಗೆ ಟೆಂಪೋದಲ್ಲಿ ಗಾಡಿ ಸಾಗಿಸಿದರು. ದಾರಿಯುದ್ದಕ್ಕೂ ಮೇಷ್ಟ್ರು ಹ್ಯಾಂಡಲ್ ಜೊತೆ ನಳಿಕೆ ಹೇಗೆ ಹೊರಳುತ್ತದೆ, ಗಾಡಿ ಯಾವಾಗ ತಿರುಗುತ್ತದೆ ಎಂದು ವಿವರಿಸಿದರು. ಅಂಜನಮೂರ್ತಿ ಹೂಂಗುಟ್ಟುತ್ತಿದ್ದ. ಒಂದು ಮಾತೂ ಒಳಗಿಳಿಯಲಿಲ್ಲ. ಕೆರೆ ಎಷ್ಟು ಆಳವಿರಬಹುದೆಂದು ಕೇಳಲೂ ಅವನಿಗೆ ಹೆದರಿಕೆ.

ಏರಿಯ ಕೆಳಗೆ ಕಲ್ಲಿನ ಮೇಲೆ ಓಬಳಮ್ಮ ಎಂಬಾಕೆ ಬಟ್ಟೆ ಒಗೆಯುತ್ತಿದ್ದಳು. ಅವನು ಗಾಳಿ ತುಂಬಿದ ಎರಡು ಟ್ಯೂಬು ಎದೆಗೆ ಕಟ್ಟಿಕೊಳ್ಳುವುದನ್ನು ನೋಡಿ ಕೈ ನಿಲ್ಲಿಸಿದಳು.

"ಮದುವೆ ಗಂಡು ಹಾರ ಹಾಕ್ಕೊಂಡಂಗವ್ನೆ," ಎಂದಳು. "ಹೆಣ್ಣು ಎಲ್ಲಪ್ಪ?"

ಅವನು ಟ್ಯೂಬಿನ ಗಂಟು ಇನ್ನೊಂದು ಸಲ ಬಿಗಿದ.

ಗಾಡಿ ಹೊರಟಿತು. ಮೊದಲ ಎರಡು ನಿಮಿಷ ಅವನಿಗೆ ಎಂಜಿನ್ನು ಕೇಳಿಸಲೇ ಇಲ್ಲ, ಎದೆ ಬಡಿತವಷ್ಟೇ. ನೀರು ಮುಖಕ್ಕೆ ರಾಚುತ್ತಿತ್ತು. ಕಣ್ಣು ಮುಚ್ಚದೆ ಹಲ್ಲು ಕಚ್ಚಿ ಕೂತ. ಒಂದು ಸುತ್ತು ಮುಗಿದ ಮೇಲೆ ಕಿವಿ ಮೆಲ್ಲಗೆ ತೆರೆಯಿತು. ಸದ್ದು ಚೆನ್ನಾಗಿತ್ತು, ದುಂಡಗಿತ್ತು. ಎರಡನೇ ಸುತ್ತಿಗೆ ಏರಿಯ ಕಡೆ ನೇರ ಬರುತ್ತಿದ್ದಾಗ ಸದ್ದಿನೊಳಗೆ ಸೂಜಿಯಂಥ ಒಂದು ಕಿರ್ರು ಹೊರಟಿತು. ಪಿಸ್ಟನ್ನು ಬಿಗಿಯುತ್ತಿದೆ.

ಇಪ್ಪತ್ತು ವರ್ಷ ಗಾಡಿ ರಿಪೇರಿ ಮಾಡಿದ ಕೈ ತಾನೇ ಆಕ್ಸಿಲರೇಟರ್ ಬಿಟ್ಟಿತು. ಹೆದರಿದರೆ ಮೊದಲು ಅದನ್ನು ಬಿಡಬೇಕೆಂದು ಅವನು ಎಷ್ಟೋ ಜನಕ್ಕೆ ಕಲಿಸಿದ್ದ. ಬಿಟ್ಟು, ಹ್ಯಾಂಡಲ್ ಬಲಕ್ಕೆ ತಿರುಗಿಸಿದ.

ಗಾಡಿ ತಿರುಗಲಿಲ್ಲ. ಹ್ಯಾಂಡಲ್ ಪೂರಾ ಬಲಕ್ಕಿದೆ, ಗಾಡಿ ನೇರ ಓಬಳಮ್ಮನ ಕಲ್ಲಿನ ಕಡೆಗೇ ಜಾರುತ್ತಿದೆ. ಆಕೆ ಬೆನ್ನು ಮಾಡಿ ಸೀರೆ ಹಿಂಡುತ್ತಿದ್ದಾಳೆ. ಬ್ರೇಕು ಹುಡುಕಿದ ಕಾಲಿಗೆ ಬ್ರೇಕಿಲ್ಲ. ಟೆಂಪೋದಲ್ಲಿ ಕಿವಿಯ ಮೇಲೆ ಬಿದ್ದಿದ್ದ ಮೇಷ್ಟ್ರ ಮಾತು ಆಗ ಅವನಿಗೆ ಅರ್ಥವಾಯಿತು: ಚಿಮ್ಮುವ ನೀರೇ ತಳ್ಳುವುದು, ಅದೇ ತಿರುಗಿಸುವುದು. ಅದು ನಿಂತರೆ ಹ್ಯಾಂಡಲ್ ಬರೀ ಕೋಲು.

ಕಿವಿ ಬೇಡವೆನ್ನುತ್ತಿತ್ತು. ಅಂಜನಮೂರ್ತಿ ಆಕ್ಸಿಲರೇಟರನ್ನು ಕೊನೆಯವರೆಗೆ ತಿರುಚಿದ.

ಕಲ್ಲಿಗೆ ಎರಡು ಮಾರು ಇರುವಾಗ ಗಾಡಿ ಮಗ್ಗುಲಾಗಿ ಹೊರಳಿತು. ಎದ್ದ ನೀರು ಓಬಳಮ್ಮನನ್ನೂ ಒಗೆದಿಟ್ಟ ಬಟ್ಟೆಯನ್ನೂ ತೋಯಿಸಿತು. ಹತ್ತು ಮಾರು ಹೋಗಿ ಎಂಜಿನ್ನು ಟಕ್ಕೆಂದು ನಿಂತಿತು, ಪಿಸ್ಟನ್ ಪೂರಾ ಕಚ್ಚಿತ್ತು. ಸದ್ದಿಲ್ಲ. ಅವನು ಹ್ಯಾಂಡಲ್ ತಬ್ಬಿ ಕುಳಿತ.

ಓಬಳಮ್ಮ ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ನಡೆದೇ ಬಂದು ಗಾಡಿಯ ಮೂತಿಗೆ ಕಟ್ಟಿದ್ದ ಹಗ್ಗ ಹಿಡಿದಳು.

"ಸೊಂಟದ ನೀರು ಕಣಪ್ಪ," ಎಂದಳು. "ಇಳಿ, ನಡ್ಕೊಂಡ್ ಬಾ."

"ನೀನೇ ಎಳಿ ತಾಯಿ. ನಾ ಇಳಿಯಲ್ಲ."

ದಡದಲ್ಲಿ ಮೇಷ್ಟ್ರು ಹಗ್ಗಕ್ಕೆ ಕೈ ಹಾಕಿದರು. "ಬಿಟ್ಟರೆ ತಿರುಗೋಲ್ಲ ಅಂತ ಹೇಳಿದ್ದೆನಲ್ಲ ಮೂರ್ತಿ."

"ಹೇಳಿದ್ರಿ ಸಾರ್. ಹೆದರಿದೋನ ಕೈಗೆ ಅದು ಕೇಳ್ಸಲ್ಲ. ಯಾರು ಕೂತ್ರೂ ಬಿಟ್ಟೇ ಬಿಡ್ತಾರೆ."

ಸೋಮವಾರ ಅವನು ಎಂಜಿನ್ ಬಿಚ್ಚಿದ. ತಣಿಸುವ ನೀರಿನ ದಾರಿಯಲ್ಲಿ ಹೆಬ್ಬೆರಳಷ್ಟು ಜೊಂಡು ಸಿಕ್ಕಿತು. ಹೀರುವ ಬಾಯಿಗೆ ಜರಡಿ ಕೂರಿಸಿದ. ಮಂಗಳವಾರ ಹೊಸ ಆಕ್ಸಿಲರೇಟರ್ ಕೇಬಲ್ ಅಳೆದು, ನಾಲ್ಕು ಬೆರಳು ಕಡಿಮೆ ಕತ್ತರಿಸಿ ಹಾಕಿದ. ಆಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ಎಂಜಿನ್ನು ರೊಯ್ಯೆಂದು ಏರಿತು. ಮುಂದಿನ ಭಾನುವಾರ ಅದೇ ಎರಡು ಟ್ಯೂಬು ಕಟ್ಟಿಕೊಂಡು ಅದರ ಮೇಲೆ ಅವನೇ ಕೂತ.