ಥಾಯ್ ವೀಸಾ ಕಚೇರಿಯಲ್ಲಿ ಕೇಳಿದ ಮಾತು

ಇಂಥ ಅನುಭವಗಳನ್ನು ಹೇಳುವವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಸತ್ತ ಅಜ್ಜಿ ಕನಸಿನಲ್ಲಿ ಬಂದು ಎಚ್ಚರಿಸಿ ಹೋದಳು ಎಂದು ಯಾರಾದರೂ ಹೇಳಿದರೆ, ಮಲಗುವ ಮೊದಲು ಏನು ತಿಂದಿದ್ದಿರಿ ಎಂದು ಕೇಳುತ್ತಿದ್ದೆ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಉದ್ಯೋಗ. ಬೇರೆಯವರು ಸರಿಯಿದೆ ಎಂದದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಅದೇ ಕಣ್ಣಿನಿಂದ ಈ ಘಟನೆಯನ್ನೂ ವರ್ಷಗಟ್ಟಲೆ ತಿರುವಿ ತಿರುವಿ ನೋಡಿದ್ದೇನೆ. ತಪ್ಪು ಸಿಕ್ಕಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಿ ಎಂದು ನಿಮ್ಮನ್ನು ಕೈಮುಗಿದು ಕೇಳುವುದಿಲ್ಲ. ಆದರೆ ನಡೆದೇ ಇಲ್ಲ ಎಂದರೆ ಮಾತ್ರ ನಾನು ಒಪ್ಪುವವಳಲ್ಲ.

2015ರ ಆಸುಪಾಸು. ಆಸ್ಟಿನ್‌ನಲ್ಲಿ, ದ ಡೊಮೇನ್ ಎಂಬ ಬಡಾವಣೆಯ ಹತ್ತಿರದ ಒಂದು ಕಂಪನಿಯಲ್ಲಿದ್ದೆ. ನಾನು ಧಾರವಾಡದವಳು, ಗಂಡ ಮೈಸೂರಿನವರು. ಮದುವೆಯಾದ ಹೊಸದರಲ್ಲಿ ನಾನು ಬಾಯಿ ತೆರೆದರೆ ಅವರ ಮನೆಯವರಿಗೆ ನಗು. ನಕ್ಕು ನಕ್ಕೇ ನನ್ನ ಮಾತನ್ನು ತಿದ್ದಿಬಿಟ್ಟರು. ಕೊನೆಕೊನೆಗೆ ತವರಿಗೆ ಫೋನ್ ಮಾಡಿದಾಗಲೂ ನನ್ನ ಬಾಯಲ್ಲಿ ಮೈಸೂರು ಕನ್ನಡವೇ ಬರುತ್ತಿತ್ತು. ಅವ್ವ ಹೋದ ಮೇಲಂತೂ ನನ್ನ ಹುಟ್ಟಿದೂರಿನ ಮಾತನ್ನು ಆಡುವುದಕ್ಕೆ ಯಾರೂ ಉಳಿದಿರಲಿಲ್ಲ.

ಆ ವರ್ಷ ನಾವು ಕಾಲೇಜಿನ ನಾಲ್ವರು ಗೆಳತಿಯರು, ಐವತ್ತು ತುಂಬಿದ ಖುಷಿಗೆ, ಥಾಯ್ಲೆಂಡಿಗೆ ಹೋಗುವುದೆಂದು ತೀರ್ಮಾನಿಸಿದೆವು. ಗಂಡಂದಿರಿಲ್ಲ, ಮಕ್ಕಳಿಲ್ಲ, ಒಂದಿಡೀ ತಿಂಗಳು ನಾವೇ. ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿರುವ ನಾದಿನಿಯ ಮನೆಯ ಊಟದಲ್ಲಿ ಈ ವಿಷಯ ಎತ್ತಿದಾಗ ಗಂಡಸರೆಲ್ಲ ಮುಸಿಮುಸಿ ನಕ್ಕರು. ಥಾಯ್ಲೆಂಡಿಗೆ ಗಂಡಸರು ಹೆಂಡತಿಗೆ ಸುಳ್ಳು ಹೇಳಿ ಹೋಗುತ್ತಾರೆ, ಹೆಂಗಸರಿಗೆ ಅಲ್ಲೇನು ಕೆಲಸ ಎಂದರು ಒಬ್ಬ ಅಂಕಲ್. ನೀವು ಅಲ್ಲಿ ಏನು ಮಾಡುತ್ತೀರೋ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತೇವೆ ಎಂದೆ. ಊಟ ಮುಗಿಯುವವರೆಗೆ ನಾದಿನಿ ನನ್ನ ಕಡೆ ನೋಡಲಿಲ್ಲ.

ನಮ್ಮ ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ಇಳಿದ ಮೇಲೆ ಸಿಗುತ್ತಿದ್ದ ವೀಸಾ ಕೆಲವೇ ದಿನಗಳದ್ದು. ತಿಂಗಳಿರಬೇಕಾದರೆ ಮೊದಲೇ ಅರ್ಜಿ ಹಾಕಬೇಕು. ಡಾಲಸ್‌ನಲ್ಲೂ ಕಾನ್ಸುಲೇಟ್ ಇತ್ತು, ಆದರೆ ಅಲ್ಲಿಗೆ ಹೋದರೆ ನಾದಿನಿಯ ಮನೆಯಲ್ಲಿ ಉಳಿದು ಉಪದೇಶ ಕೇಳಬೇಕು. ಬೇಡವೇ ಬೇಡ ಎಂದು ಒಂದು ದಿನ ರಜೆ ಹಾಕಿ, ಬೆಳಕು ಹರಿಯುವ ಮೊದಲೇ ಹ್ಯೂಸ್ಟನ್ನಿನ ಕಡೆ ಡ್ರೈವ್ ಮಾಡಿದೆ.

ಕಚೇರಿ ಒಂದು ಸಾಧಾರಣ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಸಣ್ಣ ಕೋಣೆ, ಗೋಡೆಯ ಮೇಲೆ ರಾಜರಾಣಿಯರ ಚಿತ್ರ, ಒಂದು ಕೌಂಟರು, ದೊಡ್ಡ ಗಾಜಿನ ಕಿಟಕಿ. ಕಿಟಕಿಯಿಂದ ಬಿಸಿಲು ಬಿದ್ದು ಕೋಣೆಯೆಲ್ಲ ಬೆಳ್ಳಗಿತ್ತು. ಈ ಬಿಸಿಲನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಇಂಥ ಕಥೆ ಕೇಳಿದವರು ಮೊದಲು ಕೇಳುವುದು ಕತ್ತಲಿತ್ತೇ ಎಂದು. ಇರಲಿಲ್ಲ. ನಾನು ದಾರಿಯಲ್ಲಿ ಕಾಫಿ ಕುಡಿದು ಚೆನ್ನಾಗಿ ಎಚ್ಚರವಾಗಿದ್ದೆ. ಟೋಕನ್ ತೆಗೆದುಕೊಂಡು ಗೋಡೆಗೆ ಒರಗಿ ನಿಂತೆ.

"ಕೂಡ್ರವಾ. ನಿಂತ್ರ ನಂಬರ್ ಲಗೂ ಬರೂದಿಲ್ಲ."

ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಸಣ್ಣ ದೇಹ, ಬಾಚಿ ಕಟ್ಟಿದ ಬಿಳಿ ಕೂದಲು, ಮೈಮೇಲೆ ಗಂಡಸರ ದೊಡ್ಡ ಜಾಕೆಟ್ಟು. ನಾನು ನಕ್ಕು ಕೂತೆ. ಯಾವೂರಿನವಳು ಎಂದು ಕೇಳಬೇಕೆಂದೂ ನನಗೆ ಅನ್ನಿಸಲಿಲ್ಲ. ನೀರು ಕುಡಿಯುವಾಗ ಇದು ನೀರು ಎಂದು ಯಾರು ಯೋಚಿಸುತ್ತಾರೆ? ಕಿವಿಗೆ ಬಿದ್ದದ್ದು ನನ್ನ ಅವ್ವನ ಮಾತು. ನನ್ನ ಬಾಯಿಂದಲೂ ಅದೇ ಬಂತು. ಎಷ್ಟೋ ವರ್ಷಗಳ ಮೇಲೆ ಹೋಗೂದು, ಬರೂದು, ಯಾಕ, ಹ್ಯಾಂಗ ಎಂದು ತಡೆಯಿಲ್ಲದೆ ಮಾತಾಡಿದೆ.

ಆಕೆಯ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ಜಾಕೆಟ್ಟು ಅವನದೇ. ಗ್ಯಾಲ್ವೆಸ್ಟನ್‌ನಲ್ಲಿ ಸೀಗಡಿ ಹಿಡಿಯುವ ದೋಣಿಗಳ ಮೇಲೆ ಅವನ ಆಯುಷ್ಯವೆಲ್ಲ ಕಳೆದಿತ್ತು. ಈಗ ಮಗಳು ಅವನ ಬೂದಿಯನ್ನು ಹುಟ್ಟಿದೂರಿಗೆ ಒಯ್ಯುವುದಕ್ಕೆ ಕಾಗದಪತ್ರ ಮಾಡಿಸಲು ಒಳಗೆ ಹೋಗಿದ್ದಳು. ಒಳ್ಳೆಯ ಮಗಳು ಎಂದೆ. ಮುದುಕಿ ತಲೆಯಾಡಿಸಿ, ಒಳ್ಳೆಯವಳೇ, ಆದರೆ ಅವಳಿಗೆ ಗೊತ್ತಿಲ್ಲ ಎಂದಳು.

"ಆ ಊರಿಗೆ ಅಂವನ್ನ ಒಯ್ಯಬಾರದವಾ. ಸತ್ತ ಮ್ಯಾಲೂ ಆ ಮಂದಿ ಮುಂದ ಅಂವ ಯಾಕ ತಲಿ ಬಾಗಸಬೇಕು?"

ಅವರಿಬ್ಬರೂ ಆಕೆಯ ಅಪ್ಪನ ಮಾತು ಮೀರಿ ಮದುವೆಯಾದವರು. ಮದುವೆಯಾದ ವಾರದಲ್ಲೇ ಆಕೆಯ ಅಣ್ಣಂದಿರು ಬಂದು, ಅವನಿಗಿದ್ದ ಒಂದೇ ಎಮ್ಮೆಯ ಕತ್ತನ್ನು ಅವನ ಬಾಗಿಲಲ್ಲೇ ಕೊಯ್ದು ಹೋದರಂತೆ. ಬುನ್‌ಮಾ ಎಂದು ಅದರ ಹೆಸರು. ಅವನು ಅದನ್ನು ಕರುವಿನಿಂದ ಸಾಕಿದ್ದ. ಬೆಳಗ್ಗೆ ಎದ್ದು ಅದನ್ನು ಹೂಳಿ, ಇವಳ ಕೈಹಿಡಿದು ಊರು ಬಿಟ್ಟ. ತನ್ನ ಬೂದಿ ಕೂಡ ಈ ಮಣ್ಣಿಗೆ ಬೀಳಬಾರದು ಎಂದು ಆಣೆ ಮಾಡಿದ. ಮಕ್ಕಳಿಗೆ ಮಾತ್ರ ಇಬ್ಬರೂ ಇದನ್ನು ಹೇಳಲಿಲ್ಲ. ನಿಮ್ಮ ಸೋದರಮಾವಂದಿರು ದೇವರಂಥವರು, ಬಡತನಕ್ಕಾಗಿ ನಾವು ದೇಶ ಬಿಟ್ಟೆವು ಎಂದು ಹೇಳಿ ಬೆಳೆಸಿದರು.

ಮಗಳಿಗೆ ಈಗಲಾದರೂ ಹೇಳಬಾರದೇ ಎಂದು ಕೇಳಿದೆ. ಬಾಯಿ ತೆರೆದರೆ ಅಳು ಬರುತ್ತದೆ, ಅತ್ತರೆ ಅವಳು ಬಂದು ತಬ್ಬಿಕೊಳ್ಳುತ್ತಾಳೆಯೇ ಹೊರತು ಕೇಳುವುದಿಲ್ಲ ಎಂದಳು. ಆಮೇಲೆ ನನ್ನ ಮೊಣಕೈ ಹಿಡಿದು, "ನೀ ಹೇಳವಾ" ಎಂದಳು. ಹೇಳುತ್ತೇನೆ, ಯಾಕೆ ಹೇಳುವುದಿಲ್ಲ ಎಂದೆ.

ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದು, ನರ್ಸುಗಳ ನೀಲಿ ಬಟ್ಟೆ ತೊಟ್ಟಿದ್ದ ನಲವತ್ತರ ಹೆಂಗಸೊಬ್ಬಳು ಹೊರಗೆ ಬಂದಳು. ನಮ್ಮನ್ನು ಕಂಡು ಬಾಗಿಲಲ್ಲೇ ನಿಂತಳು. ಮುದುಕಿ ನನಗೆ ಇನ್ನೂ ಏನೋ ಹೇಳುತ್ತಲೇ ಇದ್ದಳು. ಆ ವಾಕ್ಯದ ಅರ್ಧ ನನಗೆ ಅರ್ಥವಾಗಿತ್ತು. ಉಳಿದರ್ಧ ಬರೀ ಸದ್ದು. ರೇಡಿಯೋದ ಮುಳ್ಳು ಸ್ಟೇಷನ್ನಿನಿಂದ ಸರಿದರೆ ಆಗುತ್ತದಲ್ಲ, ಹಾಗೆ. ನಾನು ಮುದುಕಿಯ ಮುಖವನ್ನು ಆಗ ಮೊದಲ ಸಲ ಸರಿಯಾಗಿ ನೋಡಿದೆ. ಥಾಯ್ ಮುಖ, ಥಾಯ್ ಮಾತು.

ಮಗಳು ಇಂಗ್ಲಿಷಿನಲ್ಲಿ, ನೀವು ಥಾಯ್ ಮಾತಾಡುತ್ತೀರಾ ಎಂದು ಕೇಳಿದಳು. ಒಂದಕ್ಷರವೂ ಬರುವುದಿಲ್ಲ ಎಂದೆ. ಅವಳ ಮುಖ ಬಿಗಿಯಿತು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅಪ್ಪ ಹೋದ ದಿನದಿಂದ ಅವಳು ನಮ್ಮಲ್ಲಿ ಯಾರೊಂದಿಗೂ ಒಂದು ಮಾತೂ ಆಡಿಲ್ಲ, ಮತ್ತೆ ನಿಮ್ಮೊಂದಿಗೆ ಏನು ಮಾತಾಡಿದಳು ಎಂದಳು.

ಇಲ್ಲಿ ನಾನು ಸುಮ್ಮನಿದ್ದುಬಿಡಬಹುದಿತ್ತು. ಏನೋ ಕೈಸನ್ನೆ ಮಾಡಿದೆವು ಎಂದು ನಕ್ಕು ಎದ್ದುಹೋಗಬಹುದಿತ್ತು. ಕೌಂಟರಿನಲ್ಲಿ ನನ್ನ ನಂಬರನ್ನೂ ಕೂಗುತ್ತಿದ್ದರು. ಆದರೆ ಮುದುಕಿಯ ಕೈ ನನ್ನ ಮೊಣಕೈಯ ಮೇಲೆ ಹಾಗೆಯೇ ಇತ್ತು. ಮಾತು ಕೊಟ್ಟಾಗಿತ್ತು. ಅದು ಯಾವ ಭಾಷೆಯಲ್ಲಿ ಕೊಟ್ಟದ್ದಾದರೇನು?

ನಿಮ್ಮ ಅಪ್ಪನನ್ನು ಆ ಊರಿಗೆ ಒಯ್ಯಬೇಡಿ ಎಂದೆ. ಯಾಕೆ ಎನ್ನುವುದನ್ನೂ ಹೇಳಿದೆ. ಅವಳು ಅರ್ಧಕ್ಕೇ ತಡೆದಳು. ನಮ್ಮ ದುಃಖ ನಮಗೆ ಸಾಕು, ನೀವು ಯಾರೆಂದೇ ನನಗೆ ಗೊತ್ತಿಲ್ಲ, ದಯವಿಟ್ಟು ನಮ್ಮನ್ನು ಬಿಟ್ಟುಬಿಡಿ ಎಂದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಖಾರವಾಗಿ. ಆದರೂ ನಾನು ಏಳಲಿಲ್ಲ. ಬುನ್‌ಮಾಳನ್ನು ಯಾರು ಕೊಂದರೆಂದು ನಿಮ್ಮ ಅಮ್ಮನನ್ನೇ ಕೇಳಿ ಎಂದೆ.

ಅವಳ ಕೈಯಲ್ಲಿದ್ದ ಕಾಗದಗಳು ಕೆಳಗಿಳಿದವು. ಆ ಹೆಸರು ನಿಮಗೆ ಹೇಗೆ ಗೊತ್ತು ಎಂದಳು. ಕೊನೆಯ ದಿನಗಳಲ್ಲಿ, ಜ್ವರದಲ್ಲಿ, ಅವಳಪ್ಪ ಅದೇ ಹೆಸರನ್ನು ಕನವರಿಸುತ್ತಿದ್ದನಂತೆ. ಅದು ಯಾವಳೋ ಹೆಂಗಸಿನ ಹೆಸರಿರಬೇಕೆಂದುಕೊಂಡು, ಅಮ್ಮನಿಗೆ ನೋವಾದೀತೆಂದು ಇವಳು ಅದನ್ನು ಯಾರಿಗೂ ಹೇಳಿರಲಿಲ್ಲ.

"ಹೆಂಗಸಲ್ಲ," ಎಂದೆ. "ಎಮ್ಮೆ."

ಅವಳು ಅಮ್ಮನ ಮುಂದೆ ನೆಲದ ಮೇಲೆ ಕೂತಳು. ಮೆಲ್ಲಗೆ ಏನೋ ಕೇಳಿದಳು. ನಡುವೆ ಆ ಹೆಸರು ಮಾತ್ರ ನನಗೆ ತಿಳಿಯಿತು. ಮುದುಕಿ ಬಾಯಿ ತೆರೆದಳು. ಅಳು ಬಂತು. ಮಗಳು ತಬ್ಬಿಕೊಳ್ಳಲು ಕೈಚಾಚಿದಳು, ನಾನು ಅವಳ ಭುಜ ಹಿಡಿದು ತಡೆದೆ. ಮೊದಲು ಕೇಳಿ ಎಂದೆ. ಕೇಳಿದಳು. ಮುದುಕಿ ಅಳುತ್ತಲೇ ಹೇಳಿದಳು, ಮಗಳು ಅಳುತ್ತಲೇ ಕೇಳಿದಳು. ಅದರಲ್ಲಿ ಒಂದು ಪದವೂ ನನಗೆ ಅರ್ಥವಾಗಲಿಲ್ಲ.

ಆ ಕಾಗದಪತ್ರವನ್ನು ಅವರು ಮಾಡಿಸಲಿಲ್ಲ. ಹೋಗುವಾಗ ಮಗಳು ನನ್ನ ಫೋನ್ ನಂಬರ್ ತೆಗೆದುಕೊಂಡಳು. ಕೆಲವು ವಾರಗಳ ನಂತರ ಕರೆ ಮಾಡಿ, ಅಪ್ಪನನ್ನು ಗ್ಯಾಲ್ವೆಸ್ಟನ್‌ನ ಸಮುದ್ರಕ್ಕೇ ಬಿಟ್ಟೆವು, ಅವನ ಹಳೆಯ ಗೆಳೆಯನ ದೋಣಿಯಲ್ಲಿ ಹೋಗಿದ್ದೆವು ಎಂದಳು. ಗೋಡೆಯ ಮೇಲಿದ್ದ ಸೋದರಮಾವಂದಿರ ಫೋಟೋಗಳನ್ನು ಅಮ್ಮನೇ ಇಳಿಸಿದಳಂತೆ.

ಇದನ್ನು ಕೇಳಿದ ಪ್ರತಿಯೊಬ್ಬರ ಬಳಿಯೂ ಒಂದು ವಿವರಣೆ ಇದೆ. ನೀನು ಕೂತಲ್ಲೇ ತೂಕಡಿಸಿರಬೇಕು ಎನ್ನುತ್ತಾರೆ ನನ್ನ ಗಂಡ. ತೂಕಡಿಕೆಯಲ್ಲಿ ಪರರ ಮನೆಯ ಎಮ್ಮೆಯ ಹೆಸರು ತಿಳಿಯುವುದಾದರೆ ದಿನಾ ತೂಕಡಿಸುತ್ತೇನೆ. ಮೆಕಿನ್ನಿಯಲ್ಲಿರುವ ನಮ್ಮ ಡಾಕ್ಟರ್ ಅಂಕಲ್, ನಮ್ಮ ಮೆದುಳು ಬಹಳ ಚಾಲಾಕಿ, ನಾಲ್ಕು ಸನ್ನೆ ಸಿಕ್ಕರೆ ಸಾಕು, ಉಳಿದ ಕಥೆಯನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದರು. ಥಾಯ್ ಭಾಷೆಯಲ್ಲಿ ಸಂಸ್ಕೃತದ ಪದಗಳು ಬೇಕಾದಷ್ಟಿವೆ, ಅವನ್ನು ಹಿಡಿದು ನೀವು ಊಹಿಸಿದಿರಿ ಎಂದು ಇನ್ನೊಬ್ಬರು ತಿಳಿಹೇಳಿದರು. ಲಗೂ, ಹ್ಯಾಂಗ, ಮ್ಯಾಲೆ ಇವೆಲ್ಲ ಯಾವ ಸಂಸ್ಕೃತ ಎಂದು ಕೇಳಿದೆ. ನಾದಿನಿಯಂತೂ ಪೂರ್ವಜನ್ಮದ ಋಣ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಥಾಯ್ಲೆಂಡ್ ಪ್ರವಾಸದ ಸಿಟ್ಟಿಗೆ ಮೂರು ತಿಂಗಳು ಮಾತು ಬಿಟ್ಟಿದ್ದವಳು ಆಮೇಲೆ ನನ್ನನ್ನು ಪೂಜೆಗಳಿಗೆ ಕರೆಯತೊಡಗಿದಳು. ಅದಕ್ಕೂ ನಾನು ಹೋಗುವುದಿಲ್ಲ. ನನಗೆ ಆದದ್ದನ್ನು ಯಾರದೋ ತಲೆಗೆ ಹೊಂದುವ ಟೊಪ್ಪಿಗೆ ಮಾಡಲು ನಾನು ತಯಾರಿಲ್ಲ.

ವೀಸಾಕ್ಕೆ ಇನ್ನೊಂದು ದಿನ ಹೋಗಿ ಅರ್ಜಿ ಹಾಕಿದೆ, ಸಿಕ್ಕಿತು. ಥಾಯ್ಲೆಂಡಿಗೆ ಹೋದೆವು, ಅಂಕಲ್‌ಗೆ ಹೇಳಿದ್ದಂತೆ ಉಳಿದದ್ದೆಲ್ಲ ಮಾಡಿದೆವು. ಸಂತೆಯಲ್ಲಿ, ಬಸ್ಸಿನಲ್ಲಿ, ದೇವಸ್ಥಾನದ ಮೆಟ್ಟಿಲಿನ ಮೇಲೆ, ಎಲ್ಲಿ ಕೂತರೂ ಕಿವಿ ನಿಮಿರಿಸಿ ಕೇಳುತ್ತಿದ್ದೆ. ಒಂದು ಮಾತೂ ನನ್ನದಾಗಲಿಲ್ಲ. ಆಸ್ಟಿನ್ನಿಗೆ ಬಂದ ಮೇಲೆ ಛಲಕ್ಕೆ ಬಿದ್ದು ಥಾಯ್ ಕ್ಲಾಸಿಗೂ ಸೇರಿದೆ. ಒಂದೇ ಪದವನ್ನು ಐದು ರಾಗದಲ್ಲಿ ಹೇಳಿ ಐದು ಅರ್ಥ ಮಾಡುವ ಆ ಭಾಷೆ ನನ್ನ ನಾಲಿಗೆಗೆ ಹತ್ತಲೇ ಇಲ್ಲ.

ಮರುವರ್ಷ ಆ ಮಗಳು ತನ್ನ ಮನೆಗೆ ಊಟಕ್ಕೆ ಕರೆದಳು. ಮತ್ತೆ ಹ್ಯೂಸ್ಟನ್ನಿಗೆ ಹೋದೆ. ಮುದುಕಿ ಬಾಗಿಲಿಗೇ ಬಂದು ನನ್ನ ಕೈ ಹಿಡಿದು ಒಳಗೆ ಕರೆದೊಯ್ದು, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡತೊಡಗಿದಳು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಸದ್ದು, ಬರೀ ಸದ್ದು. ಅವಳು ನಿಲ್ಲಿಸಿ ನನ್ನ ಉತ್ತರಕ್ಕೆ ಕಾದಳು. ನಾನು ನಕ್ಕೆ. ಅವಳು ನಗಲಿಲ್ಲ. ಮಗಳ ಕಡೆ ತಿರುಗಿ ಏನೋ ಹೇಳಿದಳು, ಸ್ವಲ್ಪ ಸಿಟ್ಟಿನಿಂದಲೇ. ಮಗಳು ಸಂಕೋಚಪಟ್ಟು, ಏನೂ ಇಲ್ಲ ಬಿಡಿ ಎಂದಳು. ನಾನು ಬಿಡದೆ ಕೇಳಿದೆ.

"ಅಮ್ಮನಿಗೆ ನಿಮ್ಮ ಮೇಲೆ ಬೇಸರ," ಎಂದಳು. "ಅವತ್ತು ನೀವು ಅವಳ ಊರಿನ ಮಾತನ್ನೇ ಆಡಿದಿರಂತೆ, ಅಲ್ಲೇ ಹುಟ್ಟಿದವರ ಹಾಗೆ. ಈಗ ಏನೂ ಗೊತ್ತಿಲ್ಲದವರ ಹಾಗೆ ಯಾಕೆ ಕೂತಿದ್ದೀರಿ ಅಂತ ಕೇಳುತ್ತಿದ್ದಾಳೆ."

ನನಗೂ ತಿಳೀವಲ್ದವಾ ಎಂದೆ, ನನ್ನ ಅವ್ವನ ಮಾತಿನಲ್ಲೇ. ಮುದುಕಿ ನನ್ನ ತುಟಿಗಳನ್ನೇ ನೋಡಿದಳು. ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕೈ ಬಿಟ್ಟು, ಊಟಕ್ಕೆ ಬಡಿಸಲು ಎದ್ದು ಹೋದಳು.