ಕಿಟಕಿಯಿಲ್ಲದ ಸಾಲಿನ ಅಜ್ಜಿ

ಬಾಗಿಲು ತೆರೆದರೆ ಸಾಕು, ಪಕ್ಕದ ಮನೆಯ ಅಜ್ಜಿಯ ಕಣ್ಣಲ್ಲಿ ನೀರಿಳಿಯುತ್ತಿತ್ತು. ಅಳುತ್ತಿದ್ದಾಳೆಂದೇ ನಾನು ಮೊದಲು ತಿಳಿದಿದ್ದೆ. ದಿನವಿಡೀ ಕತ್ತಲಲ್ಲಿದ್ದ ಕಣ್ಣಿಗೆ ದುರ್ಗದ ಬಿಸಿಲು ಚುಚ್ಚುತ್ತಿತ್ತು, ಅಷ್ಟೇ.

ಎಪ್ಪತ್ತರ ದಶಕದಲ್ಲಿ, ಚಿತ್ರದುರ್ಗದ ಕಾಲೇಜಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗಿರಣಿ ಕೆಲಸಗಾರರಿಗೆಂದು ಕಟ್ಟಿದ್ದ ಸಾಲುಮನೆಯೊಂದರಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಮನೆಗಳು. ಕಿಟಕಿಯಿಲ್ಲ, ಬೆಳಕು ಬಂದರೆ ಬಾಗಿಲಿಂದ. ಎರಡು ಮನೆಗಳ ನಡುಗೋಡೆಯ ಮೇಲ್ಗಡೆ ಕಿಂಡಿ ಬಿಟ್ಟು ಅದರಲ್ಲಿ ಒಂದೇ ಬಲ್ಬು ಹಾಕಿದ್ದರು. ಸ್ವಿಚ್ಚು ನನ್ನ ಕಡೆಗಿತ್ತು. ಸಂಜೆ ಅದನ್ನು ಒತ್ತಿದರೆ ಆಚೆಯಿಂದ ಅಜ್ಜಿಯ ದನಿ: “ಹಾಕಿದ್ಯಾ ಟೀಚರವ್ವ? ನಿನ್ ಹೊಟ್ಟೆ ತಣ್ಣಗಿರ್ಲಿ.” ಎಷ್ಟೋ ಸಂಜೆ ನನ್ನೊಂದಿಗೆ ಮಾತಾಡಿದ್ದು ಅದೊಂದೇ ದನಿ.

ಅಜ್ಜಿ ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆತನದವಳು. ಮಗನಿಗೆ ರಾತ್ರಿ ಪಾಳಿ. ಅವನು ಹಗಲು ಮಲಗಲೆಂದು ಬಾಗಿಲು ಮುಚ್ಚಿರುತ್ತಿತ್ತು. ಮೊದಲೆಲ್ಲ ಅವಳು ಓಣಿಯಲ್ಲಿ ಕೂತು ಉಣ್ಣೆ ನೂಲುತ್ತಿದ್ದಳಂತೆ. ಮೂಳೆನೋವು ಬಂದು ಕಾಲು ಊರಲಾಗದೆ ಹೋದ ಮೇಲೆ ಒಳಗೇ ಉಳಿದಳು. ಹಗಲು ಯಾವುದು, ರಾತ್ರಿ ಯಾವುದು ತಿಳಿಯದೆ ನಿದ್ದೆಯೂ ಕೆಟ್ಟಿತು. “ಕುರೀನಾದ್ರೂ ಹೊತ್ತು ಹುಟ್ಟಿದ್ರೆ ರೊಪ್ಪದಿಂದ ಹೊರಗ್ ಬಿಡ್ತಾರೆ,” ಎನ್ನುತ್ತಿದ್ದಳು. ನಗುತ್ತ ಹೇಳುತ್ತಿದ್ದಳೆಂದು ನನ್ನ ನೆನಪು. ಆ ನಗುವನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ಮೂಳೆಗೆ ಬಿಸಿಲು ಬೇಕೆಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ, ಮಗನೂ ನಾನೂ ಅವಳನ್ನು ಎತ್ತಿ ತಂದು ಹೊರಗೋಡೆಗೆ ಒರಗಿಸಿ ಕೂರಿಸಿ, ಕಂಬಳಿ ಹೊದಿಸಿದೆವು. ಬೆಳಕು ತಾಳದೆ ಅವಳು ಕಣ್ಣು ಮುಚ್ಚಿಕೊಂಡಳು. ಆ ಕಡೆ ಸತ್ತವರನ್ನು ಹೀಗೆಯೇ ಗೋಡೆಗೆ ಒರಗಿಸಿ ಕೂರಿಸುವುದು ರೂಢಿ. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನಲ್ಲಿಯ ಹತ್ತಿರವಿದ್ದ ಹೆಂಗಸರು ಕೊಡ ಬಿಟ್ಟು ಓಡಿಬಂದರು. “ಅಯ್ಯೋ ಯವ್ವಾ, ಹೇಳ್ದೇನೇ ಹೋಗ್ಬಿಟ್ಯಲ್ಲೇ!” ಎಂದು ಒಬ್ಬಳು ಎದೆ ಬಡಿದುಕೊಂಡಳು.

ಅಜ್ಜಿ ಒಂದು ಕಣ್ಣು ತೆರೆದಳು. “ಲೇ, ಬಿಸ್ಲು ಕಾಸ್ಕಂತಿದೀನಿ ಕಣ್ರೇ. ಅಳಾದು ಆಮ್ಯಾಲೆ. ಈಗ ಒಂಚೂರು ಅತ್ತಾಗ್ ಸರೀರಿ, ನೆಳ್ಳು ಬೀಳ್ತೈತೆ.”

ಬದುಕಿದ್ದವಳಿಗೆ ಅತ್ತದ್ದು ಅಪಶಕುನವೆಂದು ಅಳುಕಿದ ಆ ಹೆಂಗಸರೇ, ದೋಷ ಕಳೆಯಲೆಂಬಂತೆ, ದಿನಾ ಅವಳನ್ನು ಹೊರಗೆ ತಂದು ಕೂರಿಸತೊಡಗಿದರು. ಮೊರ ಹಿಡಿದು ಅಕ್ಕಿ ಆರಿಸುತ್ತ ಸುತ್ತ ಕೂರುತ್ತಿದ್ದರು. ಅಜ್ಜಿಗೆ ನಿದ್ದೆ ಮರಳಿತು, ಕಾಲು ಮರಳಲಿಲ್ಲ. ರಜೆಯ ದಿನ ನನ್ನನ್ನೂ ಕರೆಯುತ್ತಿದ್ದಳು: “ಬಾ, ಕುಂತ್ಕ. ಒಳಗೇನ್ ಕಾಯ್ತಿದೀಯಾ?” ಆ ಊರಿನಲ್ಲಿ ನನಗೆ ನಾಲ್ಕು ಜನರ ಗುರುತಾದದ್ದು ಅವಳ ಬಿಸಿಲಿನಿಂದ.

ಮುಂದಿನ ಮಳೆಗಾಲ, ಮೋಡ ಕವಿದು ಓಣಿಗೆ ಬಿಸಿಲೇ ಬೀಳದಿದ್ದ ದಿನಗಳಲ್ಲಿ, ಅವಳು ಒಳಗೇ ತೀರಿಕೊಂಡಳು. ಕಾಯಿಲೆಯೋ, ವಯಸ್ಸೋ, ಆ ಕೋಣೆಯೋ, ಯಾವುದನ್ನು ದೂರಿದರೂ ನನಗೇ ಪೂರ್ತಿ ನಂಬಿಕೆಯಾಗುವುದಿಲ್ಲ.

ಹೊರಗೆ ತಂದು ಗೋಡೆಗೆ ಒರಗಿಸಿ ಕೂರಿಸಿದರು. ಹೆಂಗಸರೆಲ್ಲ ಬಂದರು. ಯಾರೂ ಅಳಲಿಲ್ಲ. ಬಹಳ ಹೊತ್ತು ಅವಳ ಮುಖವನ್ನೇ ನೋಡುತ್ತ ನಿಂತಿದ್ದೆವು, ಬೈದಾಳೆಂದು ಕಾಯುತ್ತ.